ಎಚ್ಚರಿಕೆ ಯಾರ ಪರದೆಗೆ ಹೋಗಬೇಕು? ವಾರ್ಡಿನಲ್ಲಿ ಸಲಹಾ ಸಾಫ್ಟ್‌ವೇರ್ ಅಳವಡಿಸುವ ಬಗೆ

ಚಿಕಿತ್ಸೆಯ ಬಗ್ಗೆ ಸಲಹೆ ಕೊಡುವ ಕಂಪ್ಯೂಟರ್ ಹೊಸದಲ್ಲ. ಸೋಂಕಿಗೆ ತಕ್ಕ ಆಂಟಿಬಯೋಟಿಕ್ ಸೂಚಿಸುವ ‘ಮೈಸಿನ್’ 1970ರ ದಶಕದಲ್ಲೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತ್ತು. ಆದರೆ ದೈನಂದಿನ ಚಿಕಿತ್ಸೆಯಲ್ಲಿ ಅದು ಬಳಕೆಗೆ ಬರಲಿಲ್ಲ. ಇಂದು ಇಂಥ ಸಾಫ್ಟ್‌ವೇರ್ ವಾರ್ಡಿನೊಳಗೇ ಇದೆ. ಆದರೂ ತಂಡಗಳು ಒಂದೇ ಜಾಗದಲ್ಲಿ ಎಡವುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ: ಯಾವ ಎಚ್ಚರಿಕೆ ಬೇಕೆಂಬ ಚರ್ಚೆ ಗಂಟೆಗಟ್ಟಲೆ ನಡೆಯುತ್ತದೆ, ಅದು ಯಾರಿಗೆ ತಲುಪಬೇಕೆಂಬ ಪ್ರಶ್ನೆ ಏಳುವುದೇ ಇಲ್ಲ.

ಮೊದಲು ಒಂದೇ ಒಂದು ಸಮಸ್ಯೆಯನ್ನು ಆರಿಸಿಕೊಳ್ಳಿ. ಯಾವಾಗ ಎಚ್ಚರಿಸಬೇಕೆಂದು ಹೇಳುವ, ಸಾಫ್ಟ್‌ವೇರ್ ಜೊತೆಗೇ ಬರುವ ಸಿದ್ಧ ನಿಯಮಗಳನ್ನೆಲ್ಲ ಒಟ್ಟಿಗೆ ಚಾಲೂ ಮಾಡುವ ಅಡ್ಡದಾರಿಯನ್ನು ಖಂಡಿತ ಹಿಡಿಯಬೇಡಿ. ಔಷಧ ಸುರಕ್ಷತೆಯ ಎಚ್ಚರಿಕೆಗಳಲ್ಲಿ ಶೇ 49ರಿಂದ 96ರಷ್ಟನ್ನು ವೈದ್ಯರು ಬದಿಗೆ ಸರಿಸುತ್ತಾರೆಂದು 2006ರಲ್ಲಿ ಪ್ರಕಟವಾದ ಸಂಶೋಧನಾ ವಿಮರ್ಶೆಯೊಂದು ತೋರಿಸಿತ್ತು.

ಎರಡನೆಯದಾಗಿ, ನಿಯಮಕ್ಕೆ ಬೇಕಾದ ಮಾಹಿತಿ ನಿಜಕ್ಕೂ ದಾಖಲಾಗುತ್ತಿದೆಯೇ ಎಂದು ನೋಡಿಕೊಳ್ಳಿ. ಅಲರ್ಜಿಯ ವಿವರ ಟಿಪ್ಪಣಿಯ ವಾಕ್ಯದೊಳಗೆ ಹುದುಗಿದ್ದರೆ ಅದು ಸಾಫ್ಟ್‌ವೇರ್‌ನ ಕಣ್ಣಿಗೆ ಬೀಳದೇ ಹೋಗಬಹುದು.

ಮೂರನೆಯದು ಎಚ್ಚರಿಕೆ ಯಾವಾಗ, ಯಾರಿಗೆ ಹೋಗಬೇಕೆಂದು ನಿರ್ಧರಿಸುವ ಹಂತ; ಇಲ್ಲಿ ಅವಸರ ಬೇಡ. ಮೂತ್ರಪಿಂಡದ ಶೋಧನಾ ಪ್ರಮಾಣ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿದ್ದರೆ ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ ಕೊಡಬಾರದೆಂಬ ನಿಯಮವನ್ನೇ ತೆಗೆದುಕೊಳ್ಳಿ. ರೋಗಿ ದಾಖಲಾದಾಗ ಫಲಿತಾಂಶ ಸರಿಯಾಗಿಯೇ ಇತ್ತು, ವೈದ್ಯರು ಮಾತ್ರೆ ಬರೆದರು. ಮೂರನೆಯ ದಿನ ಸಂಜೆ ಅದು 28ಕ್ಕೆ ಇಳಿದ ವರದಿ ಬಂತು. ಅಷ್ಟರಲ್ಲಿ ಆ ವೈದ್ಯರ ಪಾಳಿ ಮುಗಿದಿತ್ತು. ಔಷಧ ಬರೆಯುವ ಪರದೆಯನ್ನು ತೆರೆದಾಗ ಮಾತ್ರ ಎಚ್ಚರಿಕೆ ಕಾಣಿಸುವಂತೆ ಮಾಡಿದ್ದರೆ ಅಂದು ರಾತ್ರಿ ಯಾರಿಗೂ ಅದು ಕಾಣುವುದಿಲ್ಲ. ಪಟ್ಟಿಯಲ್ಲಿರುವಂತೆ ನರ್ಸ್ ಮಾತ್ರೆ ಕೊಡುತ್ತಾರೆ. ಆದ್ದರಿಂದ ಲ್ಯಾಬ್ ವರದಿ ಬಂದ ಕ್ಷಣವೇ ನಿಯಮ ಕೆಲಸ ಮಾಡಬೇಕು. ಎಚ್ಚರಿಕೆ ಔಷಧ ಬರೆದವರ ಹೆಸರಿಗಲ್ಲ, ಆ ಹೊತ್ತಿನ ಡ್ಯೂಟಿ ಡಾಕ್ಟರಿಗೆ ಹೋಗಬೇಕು. ನರ್ಸ್ ನೋಡುವ ಔಷಧ ಪಟ್ಟಿಯಲ್ಲಿ ಅದೇ ಸಾಲಿನ ಪಕ್ಕ ‘ತಡೆಹಿಡಿಯಿರಿ, ವೈದ್ಯರನ್ನು ಕೇಳಿ’ ಎಂದೂ, ಫಾರ್ಮಸಿಸ್ಟ್‌ಗೆ ಮುಂದಿನ ವಿತರಣೆಯ ಹೊತ್ತಿನಲ್ಲಿ ಅದೇ ಸೂಚನೆಯೂ ಕಾಣಬೇಕು. ನಿರ್ಧಾರದ ಹೊಣೆ ಮಾತ್ರ ಒಬ್ಬರದ್ದೇ ಆಗಿರಲಿ; ಅವರು ಎಚ್ಚರಿಕೆಯನ್ನು ನೋಡಿದರೇ, ಏನು ಮಾಡಿದರು ಎಂಬುದು ಉಳಿದಿಬ್ಬರಿಗೂ ತಿಳಿಯುವಂತಿರಲಿ. ಗೊತ್ತುಪಡಿಸಿದ ಸಮಯದೊಳಗೆ ಉತ್ತರ ಬಾರದಿದ್ದರೆ ಮುಂದೆ ಯಾರಿಗೆ ಹೋಗಬೇಕೆಂಬುದನ್ನೂ ಮೊದಲೇ ಬರೆದಿಡಿ. ಹೊಣೆ ಯಾರದೆಂದು ಹೇಳದೆ ಎಲ್ಲರಿಗೂ ಒಟ್ಟಿಗೆ ಕಳುಹಿಸಿದರೆ, ಬೇರೆಯವರು ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ.

ಎಚ್ಚರಿಕೆಯನ್ನು ಒಪ್ಪದವರು ಕಾರಣ ದಾಖಲಿಸಲು ಮೂರ್ನಾಲ್ಕು ಸಿದ್ಧ ಆಯ್ಕೆಗಳು ಸಾಕು. ಖಾಲಿ ಚೌಕವನ್ನಷ್ಟೇ ಕೊಟ್ಟರೆ ಅದರಲ್ಲಿ ಬರೀ ಚುಕ್ಕೆಗಳು ತುಂಬುತ್ತವೆ. ಸಲಹೆಯ ಹಿಂದಿನ ಕಾರಣವನ್ನು ತೋರಿಸದ, ಮಿತಿಯೊಂದನ್ನು ಬದಲಿಸಲೂ ಮಾರಾಟಗಾರರನ್ನೇ ಕಾಯಿಸುವ ಸಾಫ್ಟ್‌ವೇರನ್ನು ಕೊಳ್ಳಲೇಬೇಡಿ.

ನಾಲ್ಕನೆಯದಾಗಿ, ಕೆಲವು ವಾರ ನಿಯಮವನ್ನು ಮೌನವಾಗಿ ಓಡಿಸಿ: ಪರದೆಯ ಮೇಲೆ ಏನೂ ಮೂಡದೆ, ಎಚ್ಚರಿಕೆ ಎಲ್ಲೆಲ್ಲಿ ಬರುತ್ತಿತ್ತೆಂಬುದಷ್ಟೇ ದಾಖಲಾಗಲಿ. ಆ ಪಟ್ಟಿಯನ್ನು ವೈದ್ಯರು, ನರ್ಸ್, ಫಾರ್ಮಸಿಸ್ಟ್ ಒಂದೇ ಮೇಜಿನ ಸುತ್ತ ಕುಳಿತು ಓದಬೇಕು. ರಾತ್ರಿ ಪಾಳಿಯವರೊಬ್ಬರು ಅಲ್ಲಿ ಇರಲೇಬೇಕೆಂಬುದು ನನ್ನ ಹಟ, ಏಕೆಂದರೆ ಸಂಜೆಯ ನಂತರ ಬರುವ ವರದಿಗಳ ಗತಿ ಅವರಿಗೇ ಚೆನ್ನಾಗಿ ಗೊತ್ತು.

ಚಾಲನೆಗೆ ಬಂದ ಮೇಲೆ ಪ್ರತಿ ತಿಂಗಳೂ ಇದೇ ಪರಿಶೀಲನೆ ನಡೆಯಲಿ. ಕೆಲಸಕ್ಕೆ ಬಾರದ ನಿಯಮವನ್ನು ನಿಲ್ಲಿಸುವ ಅಧಿಕಾರವನ್ನು ಆ ತಂಡಕ್ಕೇ ಲಿಖಿತವಾಗಿ ಕೊಡಿ.