ಫೀಲ್ಡ್‌ಗೆ ಹೊರಡುವ ಮುನ್ನ: ಬೆಂಗಳೂರಲ್ಲಿ ಉಳಿಯುವವರ ಕೆಲಸ

ನಮ್ಮ ಲ್ಯಾಬಿನಿಂದ ಯಾರೇ ಫೀಲ್ಡ್‌ಗೆ ಹೊರಟರೂ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಇಲ್ಲಿ ಯಾರು ಉಳೀತಾರೆ?" ಬೂಟು, ಟಾರ್ಚು, ಔಷಧಿ ಡಬ್ಬಿ ಎಲ್ಲ ಆಮೇಲೆ. ಬೆಂಗಳೂರಲ್ಲಿ ಕೂತು ಫೋನ್ ಹಿಡಿದು ಕಾಯುವವರ ಹೆಸರು ಗೊತ್ತಾಗದೆ ನಮ್ಮಲ್ಲಿ ಗಾಡಿ ಹೊರಡುವುದಿಲ್ಲ.

ನಾನಿರುವುದು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ, ಜೀವಪರಿಸರ ಓದುವ ಗುಂಪಿನಲ್ಲಿ. ನಮ್ಮ ಪಿಎಚ್‌ಡಿ ವಿದ್ಯಾರ್ಥಿಗಳು ಕೆಲವರು ಮಲೆನಾಡಿನ ಕಾಡಲ್ಲಿ ಕಪ್ಪೆ ಎಣಿಸುತ್ತಾರೆ, ಕೆಲವರು ಬನ್ನೇರುಘಟ್ಟದ ಅಂಚಲ್ಲಿ ಗಿಡ ಅಳೆಯುತ್ತಾರೆ, ಇನ್ನು ಕೆಲವರು ಇಲ್ಲೇ ನಗರದ ಕೆರೆಗಳಲ್ಲಿ ನೀರಿನ ಸ್ಯಾಂಪಲ್ ತೆಗೆಯುತ್ತಾರೆ. ಇವರನ್ನೆಲ್ಲ ಕಳಿಸಿ, ಕ್ಷೇಮವಾಗಿ ವಾಪಸ್ ಬರುವ ತನಕ ನೋಡಿಕೊಳ್ಳುವ ಜವಾಬ್ದಾರಿ ನನ್ನ ಪಾಲಿಗೆ ಬಂದು ವರ್ಷಗಳಾಯಿತು. ನಾವು ಇದನ್ನು ಹೇಗೆ ಮಾಡುತ್ತೇವೆ ಅಂತ ಬೇರೆ ಲ್ಯಾಬಿನವರು ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹತ್ತಿರ ಒಂದು ಹಾಳೆ ಇದೆ. ಎರಡು ಪುಟ, ಅಷ್ಟೇ. ಹೋಗುವವರು ತುಂಬುತ್ತಾರೆ, ಉಳಿಯುವವರು ಓದಿ ಸಹಿ ಹಾಕುತ್ತಾರೆ. ಪ್ರತಿದಿನ ಎಲ್ಲಿ ಕೆಲಸ, ಯಾವ ದಾರಿಯಲ್ಲಿ ಹೋಗುವುದು, ಗಾಡಿ ನಂಬರ್ ಏನು, ಡ್ರೈವರ್ ಯಾರು, ರಾತ್ರಿ ಎಲ್ಲಿ ಮಲಗುವುದು, ಆ ಮನೆಯವರ ಫೋನ್ ನಂಬರ್, ಹತ್ತಿರದ ಅರಣ್ಯ ಇಲಾಖೆ ಕಚೇರಿ ನಂಬರ್. ಇದರ ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಹೊತ್ತು ಬರೆದಿರುತ್ತದೆ. ಒಂದು, ಫೋನ್ ಬರಬೇಕಾದ ಹೊತ್ತು. ಇನ್ನೊಂದು, ಫೋನ್ ಬರದಿದ್ದರೆ ಹುಡುಕಲು ಶುರು ಮಾಡುವ ಹೊತ್ತು.

ಈ ಎರಡನೇ ಹೊತ್ತಿನ ಬಗ್ಗೆ ನಾನು ತುಂಬಾ ಹಟ ಮಾಡುತ್ತೇನೆ. ಸಂಜೆ 7ಕ್ಕೆ ಫೋನ್ ಬರಬೇಕು ಅಂತ ಎಲ್ಲರೂ ಒಪ್ಪುತ್ತಾರೆ. ಬರದಿದ್ದರೆ ಏನು ಮಾಡುವುದು ಅನ್ನುವುದು ಯಾರ ತಲೆಯಲ್ಲೂ ಇರುವುದಿಲ್ಲ. ಉಳಿದವರಿಗೆ ಸಂಕೋಚ. "ಸಿಗ್ನಲ್ ಇಲ್ಲವೇನೋ, ಇನ್ನೊಂದು ಗಂಟೆ ನೋಡೋಣ, ಸುಮ್ನೆ ಗಾಬರಿ ಹುಟ್ಟಿಸೋದು ಬೇಡ" ಅನ್ನುತ್ತಾ ರಾತ್ರಿ ಹತ್ತಾಗಿಬಿಡುತ್ತದೆ. ಕಾಡಲ್ಲಿ ಕಾಲು ಮುರಿದುಕೊಂಡು ಕೂತವರಿಗೆ ಆ ಮೂರು ಗಂಟೆ ಬಹಳ ದೊಡ್ಡದು. ಅದಕ್ಕೇ ಹಾಳೆಯಲ್ಲೇ ಬರೆದುಬಿಡುತ್ತೇವೆ. 7:30ಕ್ಕೆ ಅವರು ರಾತ್ರಿ ಮಲಗುವ ಮನೆಗೆ ಫೋನ್, 8ಕ್ಕೆ ಜೊತೆಗೆ ಹೋದ ಅರಣ್ಯ ಇಲಾಖೆ ವಾಚರ್ ಮನೆಗೆ, 8:30ಕ್ಕೆ ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಮತ್ತು ತುರ್ತು ನಂಬರ್ 112ಕ್ಕೆ. ಯೋಚಿಸುವ ಕೆಲಸ ಹಗಲಲ್ಲೇ, ಬೆಂಗಳೂರಲ್ಲೇ ಮುಗಿದಿರುತ್ತದೆ. ರಾತ್ರಿ ಬರೀ ನಂಬರ್ ಒತ್ತುವುದು.

ಒಮ್ಮೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು. "ಮೇಡಂ, ನಾನು ಸುಮ್ನೆ ಫೋನ್ ಮಾಡೋದು ಮರೆತು, ನೀವು ರೇಂಜರ್ ಸಾರ್‌ನ ಎಬ್ಬಿಸಿಬಿಟ್ರೆ?"

"ಎಬ್ಬಿಸ್ತೀನಿ ಕಣಮ್ಮ. ಬೆಳಗ್ಗೆ ಅವರಿಗೆ ನಾನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ತೀನಿ. ನಿನ್ನನ್ನ ಯಾರೂ ಬೈಯಲ್ಲ" ಅಂದೆ.

ಬೈಯುವುದಿಲ್ಲ ಅನ್ನುವ ಮಾತು ಮುಖ್ಯ. ಒಂದು ಸಲ ಬೈದರೆ ಮುಂದಿನ ಸಲ ಉಳಿದವರು ಫೋನ್ ಮಾಡಲು ಹಿಂಜರಿಯುತ್ತಾರೆ.

ಸಿಗ್ನಲ್ ಇಲ್ಲದ ಜಾಗಕ್ಕೆ ಸ್ಯಾಟಲೈಟ್ ಫೋನ್ ಒಯ್ಯಬಹುದಲ್ವಾ ಅಂತ ಹೊರದೇಶದಲ್ಲಿ ಓದಿ ಬಂದವರು ಕೇಳುತ್ತಾರೆ. ನಮ್ಮ ದೇಶದಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಚಿಕ್ಕ ಸಾಧನಗಳಿಗೂ ಇದೇ ನಿಯಮ. ಗೊತ್ತಿಲ್ಲದೆ ಬ್ಯಾಗಲ್ಲಿಟ್ಟುಕೊಂಡು ಬಂದ ವಿದೇಶಿಯರನ್ನು ವಿಮಾನ ನಿಲ್ದಾಣದಲ್ಲಿ ಹಿಡಿದ ಪ್ರಕರಣಗಳಿವೆ. ಹಾಗಾಗಿ ನಾವು ನಂಬಿರುವುದು ಬೇರೆ ದಾರಿ. ಯಾವ ಗುಡ್ಡದ ಮೇಲೆ, ಯಾವ ತಿರುವಿನಲ್ಲಿ, ಯಾವ ಕಂಪನಿ ಸಿಮ್‌ಗೆ ಸಿಗ್ನಲ್ ಸಿಗುತ್ತದೆ ಅನ್ನುವುದು ಊರಿನವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ದಿನವೇ ಕೇಳಿ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳುತ್ತೇವೆ. ಎರಡು ಬೇರೆ ಕಂಪನಿಯ ಸಿಮ್ ಇರಲೇಬೇಕು.

ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಒಳಗೆ ಕೆಲಸವಿದ್ದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಬೇಕು. ಮಲ್ಲೇಶ್ವರದ ಅರಣ್ಯ ಭವನಕ್ಕೆ ಓಡಾಡಿದವರಿಗೆಲ್ಲ ಇದು ಗೊತ್ತು. ಆ ಪತ್ರವನ್ನು ಸುಮ್ಮನೆ ಕಾಗದ ಅಂತ ನೋಡಬೇಡಿ. ನೀವು ಕಾಡೊಳಗಿದ್ದೀರಿ ಅಂತ ಇಲಾಖೆಗೆ ಗೊತ್ತಿರುವುದೇ ಒಂದು ರಕ್ಷಣೆ. ಪ್ರತಿ ಸಲ ಹೋದಾಗಲೂ ರೇಂಜ್ ಆಫೀಸಿಗೆ ಹೋಗಿ ಮುಖ ತೋರಿಸಿಯೇ ಮುಂದೆ ಹೋಗಿ ಅಂತ ಹೇಳುತ್ತೇನೆ.

ಇನ್ನು ಹಾವು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕೆಂದರೆ ತಯಾರಿಯಿಂದ ಜೀವ ಉಳಿಯುವ ಜಾಗ ಇದು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ ಸಿಗುವ ವಿಷನಿವಾರಕ ಇಂಜೆಕ್ಷನ್, ಅಂದರೆ ಎಎಸ್‌ವಿ, ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ಕಾಳಿಂಗ ಸರ್ಪಕ್ಕಾಗಲಿ ಅಲ್ಲಿನ ಗುಳಿಮಂಡಲಗಳಿಗಾಗಲಿ ಅದು ತಯಾರಾದದ್ದಲ್ಲ. ಆಗುಂಬೆ ಕಡೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಹೆದರಿಸಲು ಅಲ್ಲ. "ಕಡಿದರೆ ಇಂಜೆಕ್ಷನ್ ಇದೆಯಲ್ಲ" ಅನ್ನುವ ಧೈರ್ಯದ ಮೇಲೆ ರಾತ್ರಿ ಹೊತ್ತು ಬರಿಗೈಯಲ್ಲಿ ಕಲ್ಲು ಎತ್ತಿ ನೋಡುವವರಿದ್ದಾರೆ.

ಹೊರಡುವ ವಾರ ಉಳಿಯುವವರ ಕೆಲಸ ಏನೆಂದರೆ ಆಸ್ಪತ್ರೆಗಳಿಗೆ ಫೋನ್ ಮಾಡುವುದು. ಮೂರು ಪ್ರಶ್ನೆ. ಎಎಸ್‌ವಿ ಇವತ್ತು ಸ್ಟಾಕ್ ಇದೆಯಾ? ವೆಂಟಿಲೇಟರ್ ಇದೆಯಾ? ಡಯಾಲಿಸಿಸ್ ಇದೆಯಾ? ನಾಗರ ಮತ್ತು ಕಟ್ಟುಹಾವಿನ ವಿಷ ನರಗಳನ್ನು ಹಿಡಿಯುತ್ತದೆ, ಉಸಿರಾಟ ನಿಲ್ಲಬಹುದು, ಆಗ ವೆಂಟಿಲೇಟರ್ ಬೇಕು. ಕೊಳಕುಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ, ಕಿಡ್ನಿ ಕೆಡಬಹುದು, ಆಗ ಡಯಾಲಿಸಿಸ್. ಮೂರೂ ಇರುವ ಆಸ್ಪತ್ರೆ ಎಷ್ಟು ದೂರ, ರಾತ್ರಿ ಆ ದಾರಿ ಹೇಗಿರುತ್ತದೆ, ಎಲ್ಲ ಹಾಳೆಯಲ್ಲಿ ಬರೆಯುತ್ತೇವೆ. ಆಗುಂಬೆಯಿಂದ ತೀರ್ಥಹಳ್ಳಿಯೇ 30 ಕಿ.ಮೀ.ಗೂ ಜಾಸ್ತಿ. ಇನ್ನೊಂದು ಕಡೆ ಘಾಟಿ ಇಳಿದು ಮಣಿಪಾಲ ಮುಟ್ಟಬೇಕೆಂದರೆ ಮಳೆಗಾಲದ ರಾತ್ರಿಯಲ್ಲಿ ಎಷ್ಟು ಹೊತ್ತಾಗುತ್ತದೆ ಅಂತ ಹೇಳಲಾಗದು. ಬೆಂಗಳೂರಲ್ಲಿ ಕೂತು ಮ್ಯಾಪ್ ನೋಡಿ ಗಂಟೆ ಲೆಕ್ಕ ಹಾಕಬಾರದು, ಊರಿನ ಜೀಪಿನವರನ್ನು ಕೇಳಬೇಕು. 108 ಆಂಬುಲೆನ್ಸ್‌ಗೆ ಫೋನ್ ಮಾಡಿ, ಆದರೆ ನಮ್ಮ ಗಾಡಿಯೂ ರಸ್ತೆ ಕಡೆ ಮುಖ ಮಾಡಿಯೇ ನಿಂತಿರಬೇಕು, ಬೀಗದ ಕೈ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಬೇಕು.

ಕಡಿದಾಗ ಏನು ಮಾಡಬೇಕು ಅನ್ನುವುದನ್ನು ನಾವು ಮಾತಲ್ಲಿ ಹೇಳಿ ಬಿಡುವುದಿಲ್ಲ, ಲ್ಯಾಬಿನ ನೆಲದ ಮೇಲೆ ಒಬ್ಬರನ್ನು ಮಲಗಿಸಿ ಮಾಡಿ ನೋಡುತ್ತೇವೆ. ಹಾವಿನಿಂದ ದೂರ ಸರಿಯುವುದು. ಉಂಗುರ, ಬಳೆ, ವಾಚು ಬಿಚ್ಚುವುದು, ಕೈ ಊದಿಕೊಳ್ಳುತ್ತದೆ. ಕಡಿದ ಕೈಕಾಲು ಅಲುಗಾಡದಂತೆ ಕೋಲಿಟ್ಟು ಬಟ್ಟೆ ಸುತ್ತುವುದು. ನಡೆಸದೆ ಎತ್ತಿಕೊಂಡು ಹೋಗುವುದು. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಹಾವನ್ನು ಹಿಡಿದು ತರಲು ಹೋಗುವುದಂತೂ ಬೇಡವೇ ಬೇಡ. ನಮ್ಮ ವಿದ್ಯಾರ್ಥಿಗಳಿಗೆ ಜಾತಿ ಗುರುತಿಸುವ ಆಸೆ ಜಾಸ್ತಿ, ಅದಕ್ಕೆ ಇದನ್ನು ಎರಡು ಸಲ ಹೇಳುತ್ತೇನೆ.

ಕಟ್ಟುಹಾವಿನ ಬಗ್ಗೆ ಒಂದು ಮಾತು ಬೇರೆ. ಅದು ರಾತ್ರಿ ಮನೆಯೊಳಗೆ, ನೆಲದ ಮೇಲೆ ಮಲಗಿದವರನ್ನು ಕಡಿಯುವುದು ಜಾಸ್ತಿ. ನೋವು, ಊತ ಇಲ್ಲದೆಯೂ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡರೆ ಊಟದ ದೋಷ ಅಂತ ಕೂರಬಾರದು. ಮಂಚ ಮತ್ತು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ, ಈ ಎರಡಕ್ಕೆ ಪ್ರಾಜೆಕ್ಟ್ ದುಡ್ಡಿನಲ್ಲಿ ಖರ್ಚು ತೋರಿಸಿ. ಆಡಿಟ್‌ನವರು ಕೇಳಿದರೆ ಇದನ್ನೇ ಹೇಳಿ.

ಮಲೆನಾಡಿಗೆ ಹೋಗುವವರು ಇಂಬಳಕ್ಕೆ ಹೆದರುತ್ತಾರೆ. ಇಂಬಳ ರಕ್ತ ಕುಡಿದು ಬೀಳುತ್ತದೆ, ಅಷ್ಟೇ. ನಾನು ಹೆದರುವುದು ಇಂಬಳ ಮುಗಿದ ಮೇಲೆ ಬರುವ ಉಣುಗಿಗೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾಯಿತು. ಅದಕ್ಕೇ ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ನಮ್ಮ ಆ ಕಾಡಿನ ಹೆಸರಿದೆ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ಮಳೆ ಇಲ್ಲ, ಓಡಾಡಲು ಸುಲಭ ಅಂತ ನಮ್ಮವರು ಫೀಲ್ಡ್‌ಗೆ ಹೋಗುವುದೂ ಇದೇ ತಿಂಗಳುಗಳಲ್ಲಿ. ರೋಗ ಹರಡುವ ಮರಿ ಉಣುಗು ಕಣ್ಣಿಗೆ ಬೀಳದಷ್ಟು ಚಿಕ್ಕದು. ತರಗೆಲೆ ಮೇಲೆ ಕೂರಬೇಡಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ತೆಳು ಬಣ್ಣದ ಬಟ್ಟೆ ಹಾಕಿ, ಉಣುಗು ಹತ್ತದಂತೆ ತಡೆಯುವ ಡೀಪಾ ಎಣ್ಣೆ ಹಚ್ಚಿ. ಈ ಎಣ್ಣೆಯನ್ನು ಅಲ್ಲಿನ ಆರೋಗ್ಯ ಕೇಂದ್ರಗಳಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಸ್ಯಾಂಪಲ್ ತೆಗೆಯಲು ಯಾರೂ ಮುಂದಾಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ.

ನಗರದ ಕೆರೆಗಳ ವಿಷಯಕ್ಕೆ ಬಂದರೆ, ಇಲ್ಲಿ ತಯಾರಿ ಮಾಡಿಸುವುದು ನನಗೆ ಕಾಡಿಗಿಂತ ಕಷ್ಟ. "ಇಲ್ಲೇ ವರ್ತೂರಿಗೆ ಹೋಗಿ ಬರ್ತೀವಿ ಮೇಡಂ, ಹಾಳೆ ಯಾಕೆ?" ಅನ್ನುತ್ತಾರೆ. ಬೆಳ್ಳಂದೂರು ಕೆರೆ 2015ರಲ್ಲಿ, 2017ರಲ್ಲಿ, ಮತ್ತೆ 2018ರಲ್ಲಿ ಹೊತ್ತಿ ಉರಿದದ್ದನ್ನು ನೆನಪಿಸುತ್ತೇನೆ. ಕೊಳಚೆ ಬರುವ ನೀರಲ್ಲಿ ನಿಂತು ಕೆಲಸ ಮಾಡುವವರಿಗೆ ಇಲಿ ಜ್ವರದ ಭಯ ಇದೆ. ಇಲಿ ಮೂತ್ರ ಸೇರಿದ ನೀರಿನಿಂದ, ಕೈಕಾಲಿನ ಗಾಯದ ಮೂಲಕ ಅದು ಒಳಗೆ ಹೋಗುತ್ತದೆ. ಸಣ್ಣ ತರಚು ಗಾಯ ಇದ್ದರೂ ಅವತ್ತು ದಡದ ಮೇಲೆ ಬರೆಯುವ ಕೆಲಸ. ಮೊಣಕಾಲ ತನಕ ಗಂಬೂಟು, ಉದ್ದ ಕೈಗವಸು. ತೆಪ್ಪ ಹತ್ತುವವರಿಗೆ, ಈಜು ಬರುವವರಿಗೂ ಸೇರಿ, ಲೈಫ್ ಜಾಕೆಟ್. ಹೂಳು ಎಷ್ಟು ಆಳ ಅಂತ ಮೇಲಿಂದ ಗೊತ್ತಾಗುವುದಿಲ್ಲ, ಹಾಗಾಗಿ ಉದ್ದ ಗಳದಿಂದ ಚುಚ್ಚಿ ನೋಡದೆ ಯಾರೂ ಕಾಲಿಡುವಂತಿಲ್ಲ.

ಮುಚ್ಚಿದ ಚರಂಡಿ, ಮ್ಯಾನ್‌ಹೋಲ್ ಒಳಗೆ ನಮ್ಮ ಯಾರೂ ಇಳಿಯುವುದಿಲ್ಲ. ಯಾವ ಡೇಟಾಗೋಸ್ಕರವೂ ಇಲ್ಲ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಬಿದ್ದವರನ್ನು ಎತ್ತಲು ಇಳಿದವರೂ ಸತ್ತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

ಕೆರೆ ದಂಡೆಯಲ್ಲಿ ನಾಯಿಗಳು ಗುಂಪಾಗಿರುತ್ತವೆ. ನಮ್ಮ ಕೆರೆ ತಂಡದವರೆಲ್ಲ ರೇಬಿಸ್ ಲಸಿಕೆಯನ್ನು ಮುಂಚೆಯೇ ಹಾಕಿಸಿಕೊಳ್ಳುತ್ತಾರೆ. ಆಮೇಲೂ ಕಚ್ಚಿದರೆ 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮುಂಚೆ ಲಸಿಕೆ ಆಗಿದ್ದರೂ ಮತ್ತೆ ಡೋಸ್ ಬೇಕೇಬೇಕು.

ಬನ್ನೇರುಘಟ್ಟದ ಕಡೆ ನಿಯಮ ಚಿಕ್ಕದು. ಬೆಳಕು ಹರಿದ ಮೇಲೆ ಒಳಗೆ, ಕತ್ತಲಾಗುವ ಮುಂಚೆ ಹೊರಗೆ, ಕಿವಿಯಲ್ಲಿ ಇಯರ್‌ಫೋನ್ ಬೇಡ, ವಾಚರ್ ಅಣ್ಣ "ಇವತ್ತು ಬೇಡ" ಅಂದರೆ ಬೇಡ. ಆನೆ ಎಲ್ಲಿದೆ ಅಂತ ಅವರಿಗೆ ಗೊತ್ತು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಸಿಡಿಲಿನ ಹೊತ್ತು. ಸಿಡಿಲಿನ ಮುನ್ಸೂಚನೆ ಕೊಡುವ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಆಪ್ ಎಲ್ಲರ ಫೋನಲ್ಲೂ ಇರಬೇಕು. ಗುಡುಗು ಕೇಳಿದರೆ ಮರದ ಕೆಳಗೆ ನಿಲ್ಲದೆ ಗಾಡಿಯೊಳಗೆ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ.

ರಸ್ತೆಯನ್ನು ಎಲ್ಲರೂ ಮರೆಯುತ್ತಾರೆ. ಇಡೀ ದಿನ ಕೆಲಸ ಮಾಡಿ ರಾತ್ರಿಯೇ ಬೆಂಗಳೂರಿಗೆ ಹೊರಡುವುದು ನಮ್ಮಲ್ಲಿ ಇಲ್ಲ. ಒಂದು ರಾತ್ರಿಯ ರೂಮಿನ ಬಾಡಿಗೆ ಬಜೆಟ್ಟಿನಲ್ಲೇ ಇರುತ್ತದೆ. ಡ್ರೈವರ್‌ಗೂ ಹಾಸಿಗೆ, ಊಟ ಅದರಲ್ಲೇ ಸೇರಿರುತ್ತದೆ, ಗಾಡಿಯಲ್ಲೇ ಮಲಗಿಸುವುದಿಲ್ಲ.

ಹೇಳಲೇಬೇಕಾದ ಇನ್ನೊಂದು ವಿಷಯ ಇದೆ. ಫೀಲ್ಡಿನಲ್ಲಿ ಅಪಾಯ ಜೊತೆಗೆ ಬಂದವರಿಂದಲೂ ಬರಬಹುದು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಕೆಲಸಕ್ಕಾಗಿ ಹೋದ ಜಾಗ, ಹೋಗುವ ಗಾಡಿ ಎರಡೂ ಕೆಲಸದ ಸ್ಥಳವೇ. ಯುಜಿಸಿಯ 2015ರ ನಿಯಮಗಳು ವಿದ್ಯಾರ್ಥಿಗಳನ್ನೂ ಒಳಗೊಂಡಿವೆ. ಹೊರಡುವ ಮುಂಚೆ ಇದನ್ನು ಎಲ್ಲರ ಎದುರು, ವಿದ್ಯಾರ್ಥಿಗಳ ಪಿಎಚ್‌ಡಿ ಗೈಡ್ ಕೂತಿರುವಾಗಲೇ ಓದಿ ಹೇಳುತ್ತೇನೆ. ರೂಮಿಗೆ ಒಳಗಿನಿಂದ ಚಿಲಕ ಇದೆಯಾ ಅಂತ ಮುಂಚೆಯೇ ವಿಚಾರಿಸುತ್ತೇವೆ. ಬೆಂಗಳೂರಲ್ಲಿ ಉಳಿಯುವವರು ಯಾವತ್ತೂ ಆ ಪ್ರಾಜೆಕ್ಟಿನ ಗೈಡ್ ಆಗಿರಬಾರದು. "ನಾನು ವಾಪಸ್ ಬರ್ತೀನಿ" ಅಂತ ಒಬ್ಬಳು ಫೋನ್ ಮಾಡಿದರೆ ಉಳಿದವರು ಕಾರಣ ಕೇಳದೆ ಗಾಡಿ, ಟಿಕೆಟ್ ವ್ಯವಸ್ಥೆ ಮಾಡುತ್ತಾರೆ. ಈ ಸಾಲು ಹಾಳೆಯಲ್ಲಿ ಅಚ್ಚಾಗಿದೆ. ಅದನ್ನು ಸೇರಿಸಲು ಕೆಲವರ ಜೊತೆ ಜಗಳವಾಡಬೇಕಾಯಿತು. ಆಡಿದ್ದಕ್ಕೆ ನನಗೆ ಖುಷಿ ಇದೆ.

ಆಸ್ತಮಾ, ಫಿಟ್ಸ್, ಅಲರ್ಜಿ, ತೆಗೆದುಕೊಳ್ಳುವ ಮಾತ್ರೆ, ರಕ್ತದ ಗುಂಪು ಇವನ್ನು ಬರೆದು ಲಕೋಟೆಯಲ್ಲಿ ಮುಚ್ಚಿ ಕೊಡುತ್ತಾರೆ. ಬೇಕಾದಾಗ ಮಾತ್ರ ಒಡೆಯುವುದು, ವಾಪಸ್ ಬಂದ ಮೇಲೆ ಹಾಗೇ ಕೈಗೆ ಕೊಡುವುದು. ಹೀಗೆ ಮಾಡಿದ ಮೇಲೆ ಜನ ಮುಚ್ಚಿಡದೆ ಬರೆಯುತ್ತಾರೆ.

ತಂಡ ವಾಪಸ್ ಬಂದ ದಿನ ಹಾಳೆಯನ್ನು ಫೈಲಿಗೆ ಹಾಕುವುದಿಲ್ಲ. ಮಂಗನ ಕಾಯಿಲೆ ಸಾಮಾನ್ಯವಾಗಿ ಉಣುಗು ಕಚ್ಚಿದ 3ರಿಂದ 8 ದಿನಕ್ಕೆ ಕಾಣಿಸಿಕೊಳ್ಳುತ್ತದೆ. ಇಲಿ ಜ್ವರಕ್ಕೆ ಕೆಲವೊಮ್ಮೆ ತಿಂಗಳೇ ಹಿಡಿಯಬಹುದು. ಅಷ್ಟರಲ್ಲಿ ಹುಡುಗರು ಬೆಂಗಳೂರಿನ ಹಾಸ್ಟೆಲ್ಲಿನಲ್ಲಿರುತ್ತಾರೆ, ಜ್ವರ ಬಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗುತ್ತಾರೆ. ಸೊರಬದ ಕಾಡಿಗೆ ಹೋಗಿದ್ದರು ಅಂತ ಅಲ್ಲಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಉಳಿದವರು ಒಂದು ತಿಂಗಳು ವಾರಕ್ಕೊಮ್ಮೆ ಮೆಸೇಜ್ ಮಾಡಿ ಆರೋಗ್ಯ ವಿಚಾರಿಸುತ್ತಾರೆ. ಜ್ವರ ಅಂದರೆ ಹಾಳೆಯ ಫೋಟೋ ತೆಗೆದು ಕಳಿಸುತ್ತಾರೆ, ಅದನ್ನು ಡಾಕ್ಟರಿಗೆ ತೋರಿಸಬೇಕು: ಯಾವ ಊರು, ಯಾವ ತಾರೀಖು, ನೀರಲ್ಲಿ ಇಳಿದಿದ್ದರಾ, ಉಣುಗು ಕಚ್ಚಿತ್ತಾ. ಆ ತಿಂಗಳು ಕಳೆದ ಮೇಲೆ ಉಳಿದವರು ಕೊನೆಯ ಸಹಿ ಹಾಕುತ್ತಾರೆ.