ಹುಟ್ಟಿದ ಕೂಸಿನ ಮೈಮೇಲೆ ನೀಲಿ ಗಂಟು ಕಂಡ್ರೆ ಏನ್ ಮಾಡ್ಬೇಕು

ಮೊದ್ಲೇ ಹೇಳ್ಬಿಡ್ತೀನಿ, ಎಳೇ ಕೂಸಿನ ಮೈಮೇಲೆ ಕಾಣೋ ಕಲೆಗಳಲ್ಲಿ ಮುಕ್ಕಾಲುವಾಸಿ ಏನೂ ಅಲ್ಲ. ಸೊಂಟ, ಕುಂಡಿ ಮೇಲಿನ ನೀಲಿ ಮಚ್ಚೆ ನಮ್ ಕಡೆ ಮಕ್ಕಳಿಗೆ ತೀರಾ ಕಾಮನ್ನು, ಸವರಿದ್ರೆ ಚಪ್ಪಟೆ, ವರ್ಷ ಕಳೆದಂಗೆ ತಾನೇ ಮಾಸುತ್ತೆ.

ತೊಂದ್ರೆ ಎಲ್ಲಿ ಅಂದ್ರೆ ಮಂಡ್ಯ ಕಡೆ ಬಾಣಂತಿ ಕೋಣೆ ಅಂದ್ರೆ ಅರ್ಧ ಕತ್ಲು, ಅದ್ರ ಮೇಲೆ ಎಣ್ಣೆ, ಅರಿಶಿನ, ಸುತ್ತಿದ ಬಟ್ಟೆ, ಮಗು ಮೈ ಯಾರ್ ಕಣ್ಣಿಗೂ ಸರಿಯಾಗಿ ಬೀಳೋದೇ ಇಲ್ಲ. ಅದಕ್ಕೇ ಎಣ್ಣೆ ಹಚ್ಚೋಕ್ ಮುಂಚೆ ಕಿಟಕಿ ಬೆಳಕಿಗೆ ತಂದು ತಲೆಯಿಂದ ಕಾಲ್ಗಂಟ ನೋಡಿ, ಬೆರಳಲ್ಲಿ ಮೆಲ್ಲಗೆ ಸವರಿ. ಅವರೆಕಾಳಿನಂಗೆ ಗಟ್ಟಿ ಗಂಟು, ನೇರಳೆಹಣ್ಣಿನ ಬಣ್ಣ, ಅದೂ ನಾಲ್ಕಾರು ಕಡೆ ಇದ್ರೆ ಅವತ್ತೇ ಮಕ್ಕಳ ಡಾಕ್ಟ್ರಿಗೆ ತೋರ್ಸಿ. ನೀಲಿ ಹಣ್ಣು ಹಾಕಿದ ಕೇಕಿನಂಗೆ ಕಾಣುತ್ತೆ ಅಂತ ಡಾಕ್ಟ್ರುಗಳು ಇಂಥ ಮಗೂನ ಬ್ಲೂಬೆರಿ ಮಫಿನ್ ಬೇಬಿ ಅಂತಾರೆ, ನಮ್ಮೋರು ಹೆಸರಿಟ್ಟಿದ್ರೆ ನೇರಳೆಕೂಸು ಅಂತಿದ್ರೇನೋ. ಹೆದರ್ಬೇಡಿ, ಕಾರಣ ಹೊಟ್ಟೇಲಿದ್ದಾಗ ತಗುಲಿದ ರುಬೆಲ್ಲಾ, ಸಿಎಂವಿ ಥರ ವೈರಸ್ ಇನ್ಫೆಕ್ಷನ್ ಇರ್ಬೋದು, ತಾಯಿ ಮಗು ಬ್ಲಡ್ ಗ್ರೂಪ್ ಹೊಂದದೆ ಇರೋದೂ ಇರ್ಬೋದು. ಅಪರೂಪಕ್ಕೆ ಹುಟ್ಟಿನಿಂದ್ಲೇ ಬಂದ ರಕ್ತದ ಕ್ಯಾನ್ಸರ್ರು, ಇಲ್ಲ ನ್ಯೂರೋಬ್ಲಾಸ್ಟೋಮಾ ಅನ್ನೋ ಎಳೇ ನರಕೋಶಗಳ ಕ್ಯಾನ್ಸರ್ ಗಡ್ಡೆ.

ಈ ನ್ಯೂರೋಬ್ಲಾಸ್ಟೋಮಾ ವಿಚಿತ್ರದ್ದು. ಸಾಮಾನ್ಯವಾಗಿ ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥೀಲಿ ಶುರುವಾಗಿ ಲಿವರ್‌ಗೆ, ಚರ್ಮಕ್ಕೆ ಹರಡಿರುತ್ತೆ, ಆದ್ರೂ ಎಳೇ ಮಕ್ಕಳಲ್ಲಿ ಎಂಎಸ್ ಅನ್ನೋ ಹಂತದ್ದು ಎಷ್ಟೋ ಸಲ ಔಷಧಿ ಇಲ್ದೇನೇ ಕರಗಿ ಹೋಗುತ್ತೆ, ಡಾಕ್ಟ್ರು ಬರೀ ಕಣ್ಣಿಟ್ಟಿರ್ತಾರೆ. ಆದ್ರೆ ತಾನೇ ಹೋಗುತ್ತೆ ಅನ್ನೋ ಮಾತು ಟೆಸ್ಟ್ ಆದ್ಮೇಲೆ ಡಾಕ್ಟ್ರು ಹೇಳ್ಬೇಕು, ಅದಕ್ಕೆ ಮುಂಚೆ ಅಜ್ಜಿ ಅಲ್ಲ. ಬರೆ ಹಾಕೋದಂತೂ ಬೇಡವೇ ಬೇಡ.

ತಲೆ, ಲಂಗೋಟಿ ಜಾಗದಲ್ಲಿ ಹೊಪ್ಪಳೆಗಟ್ಟಿದ ಗುಳ್ಳೆ ಮುಲಾಮಿಗೆ ಬಗ್ಗದೆ ವಾರಗಟ್ಲೆ ಇದ್ರೆ ಅದನ್ನೂ ತೋರ್ಸಿ, ಲ್ಯಾಂಗರ್‌ಹ್ಯಾನ್ಸ್ ಸೆಲ್ ಹಿಸ್ಟಿಯೋಸೈಟೋಸಿಸ್ ಅಂತ ಒಂದು ಅಪರೂಪದ ಕಾಯಿಲೆ ಇದೆ, ನೋಡೋಕೆ ತಲೆಹೊಟ್ಟಿನಂಗೇ.

ಆಸ್ಪತ್ರೇಲಿ ರಕ್ತ, ಮೂತ್ರ, ಹೊಟ್ಟೆ ಸ್ಕ್ಯಾನಿಂಗು, ಆಮೇಲೆ ಬಯಾಪ್ಸಿ. ಚರ್ಮ ಕೊಯ್ದ್ರೆ ಹರಡುತ್ತೆ ಅಂತ ಮನೆಯೋರು ಅಡ್ಡ ಬರ್ತಾರೆ, ಅದು ಸುಳ್ಳು, ಮರಗಟ್ಟಿಸಿ ಕಾಳಿನಷ್ಟು ಚೂರು ತೆಗೀತಾರೆ ಅಷ್ಟೇ. ಮಂಡ್ಯದೋರಿಗೆ ಮಿಮ್ಸ್ ಸರ್ಕಾರಿ ಆಸ್ಪತ್ರೆ, ಮೈಸೂರಲ್ಲಿ ಚೆಲುವಾಂಬ ಆಸ್ಪತ್ರೆ ಇದೆ, ಮುಂದಕ್ಕೆ ಬೇಕಾದ್ರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಡ್ತಾರೆ. ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ರೇಷನ್ ಕಾರ್ಡು ಒಂದೇ ಕವರ್‌ನಲ್ಲಿಡಿ, ಗಂಟಿನ ಪಕ್ಕ ಒಂದ್ರೂಪಾಯಿ ಕಾಯಿನ್ ಇಟ್ಟು ದಿನಾ ಫೋಟೋ ತೆಗೀರಿ, ಬೆಳೀತಿದ್ಯೋ ಇಲ್ವೋ ಅದ್ರಲ್ಲೇ ಗೊತ್ತಾಗುತ್ತೆ.

ಹೊಟ್ಟೆ ಉಬ್ಬಿ ಏದುಸಿರು ಬಿಡ್ತಿದ್ರೆ, ಹಾಲು ಬಿಟ್ರೆ, ಬಿಳಿಚ್ಕೊಂಡ್ರೆ, ಎಲ್ಲಾದ್ರೂ ರಕ್ತ ಒಸರಿದ್ರೆ ಫೋಟೋಗೀಟೋ ಎಲ್ಲ ಬಿಟ್ಟು ನಡುರಾತ್ರಿ ಆದ್ರೂ ಹೊರಡಿ.