ಕೆಂಪು ದೀಪಕ್ಕೆ 683 ಹಿಡಿದು ನಾನು ಎಡವಿದ್ದು

ಅಡುಗೆಮನೆ ಮೂಲೆಯ ಮೆಂತ್ಯ ಸಸಿಗಳಿಗೆಂದು 660 ನ್ಯಾನೋಮೀಟರ್ ಅಲೆಯುದ್ದದ ಕೆಂಪು ಎಲ್‌ಇಡಿ ದೀಪ ತಂದಿದ್ದೆ. ರಾತ್ರಿ ಬೆಳಕು ಅಳೆಯುವ ಲಕ್ಸ್ ಮೀಟರ್ ಹಿಡಿದರೆ ಬರೀ 400 ಲಕ್ಸ್, ಅಂದರೆ ಚದರ ಮೀಟರ್‌ಗೆ 400 ಲ್ಯುಮೆನ್ ತೋರಿಸಿತು. 683 ಲ್ಯುಮೆನ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಅಂದರೆ 1 ವ್ಯಾಟ್ ಅಂತ ಎಲ್ಲೋ ಓದಿದ ನೆನಪು. ಭಾಗಿಸಿದೆ: ಚದರ ಮೀಟರ್‌ಗೆ 0.6 ವ್ಯಾಟ್. ಇಷ್ಟೇನಾ! ಸುಮ್ನೆ ದೀಪವನ್ನು ಬೈದುಕೊಂಡು ವಾಪಸ್ ಕೊಡಲು ಹೊರಟಿದ್ದೆ.

ತಪ್ಪು ನನ್ನದೇ. 683 ಸರಿಹೋಗುವುದು 555 ನ್ಯಾನೋಮೀಟರ್‌ನ ಹಸಿರು ಬೆಳಕಿಗೆ ಮಾತ್ರ. ನಮ್ಮ ಕಣ್ಣು ಹೆಚ್ಚು ಚುರುಕಾಗಿರುವುದು ಅಲ್ಲೇ. ಲಕ್ಸ್ ಅಳೆಯುವುದು ಕಣ್ಣಿಗೆ ಕಂಡಷ್ಟನ್ನು, ಬಿದ್ದ ಶಕ್ತಿಯನ್ನಲ್ಲ. ಗಿಡಕ್ಕೆ ನಮ್ಮ ಕಣ್ಣು ಕಟ್ಟಿಕೊಂಡು ಏನಾಗಬೇಕು, ಅಲ್ವಾ? ಬೆಳಕಿನ ಅಂತರರಾಷ್ಟ್ರೀಯ ಆಯೋಗ ಸಿಐಇ 1924ರಲ್ಲಿ ಒಪ್ಪಿದ ಪಟ್ಟಿಯಲ್ಲಿ, 555ಕ್ಕೆ ಕಣ್ಣಿನ ಚುರುಕು 1 ಅಂತ ಹಿಡಿದರೆ 660ಕ್ಕೆ 0.061. ಅದನ್ನು 683ಕ್ಕೆ ಗುಣಿಸಿದರೆ ಸುಮಾರು 41.7. ಈಗ 400 ÷ 41.7 = ಚದರ ಮೀಟರ್‌ಗೆ 9.6 ವ್ಯಾಟ್. ಮೊದಲ ಲೆಕ್ಕದ 16 ಪಟ್ಟು!

ಬಿಳಿ ದೀಪಕ್ಕೆ ಹೀಗೆ ಒಂದೇ ಸಂಖ್ಯೆ ಸಾಲದು. ಅದರಲ್ಲಿ ಹಲವು ಬಣ್ಣ ಬೆರೆತಿರುತ್ತವೆ, ಒಂದೊಂದು ಅಲೆಯುದ್ದಕ್ಕೂ ಬೇರೆಯಾಗಿ ಗುಣಿಸಿ ಕೂಡಬೇಕು. ಬಿಸಿಲಿಗೆ ಮಾತ್ರ ಚದರ ಮೀಟರ್‌ಗೆ 1 ವ್ಯಾಟ್ ಅಂದರೆ ಅಂದಾಜು 120 ಲಕ್ಸ್ ಹಿಡಿಯುತ್ತೇನೆ. ನನ್ನದು ಅಗ್ಗದ ಮೀಟರ್, ಕಡುಗೆಂಪಿನಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ. ಹಾಗಾಗಿ ಡೈರಿಯಲ್ಲಿ ‘ಸುಮಾರು 10’ ಅಂತಲೇ ಬರೆದಿಟ್ಟೆ.